ಕುಶಲ ಕೇಳದೆ ಆಡಿದ ಮಾತು

ಗಂಡನ ದನಿ ಫೋನಿನೊಳಗಿಂದ ಕುಶಲ ಕೇಳುತ್ತಲೇ ಇತ್ತು. ತೆನಿನ್ ಈರುಳ್ಳಿ ಮಡಿಯ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು, ವಿಷಯ ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಕಾಯುತ್ತಿದ್ದಳು.

"ಅಣ್ಣಾ, ಬೆಳಗು ನೆಮ್ಮದಿಯಾಗಿ ಆಯ್ತಾ? ಮೈಯಲ್ಲಿ ಹುಷಾರಾ? ಅತ್ತಿಗೇರು ಹುಷಾರಾ? ಮಕ್ಕಳು? ನಿಮ್ಮ ಜೊತೆ ಇರೋ ನಮ್ಮೂರ ಹುಡುಗರು? ಬಂದರಿನ ಕೆಲಸ ಹೇಗೆ ನಡೀತಿದೆ? ಮಂಡಿ ನೋವು ಹೇಗಿದೆ? ಅವ್ವ ಕೇಳಿದಾಳೆ. ಊರ ಹಿರೀಕರು ಕೇಳಿದಾರೆ. ಅಲ್ಲಾ ನಿಮಗೆ ಆಯಸ್ಸು ಕೊಡ್ಲಿ, ತಂಪಾದ ದಾರಿ ಕೊಡ್ಲಿ. ಈಗ ವಿಷಯ ಏನಪ್ಪಾ ಅಂದ್ರೆ..."

ಟಕ್ ಎಂದು ಮಾತು ಕತ್ತರಿಸಿಹೋಯಿತು. ಆಮೇಲೆ ಯಂತ್ರದ ಹೆಂಗಸಿನ ದನಿ, ಈ ಸಂದೇಶ ಮುಗಿಯಿತು, ಮುಂದಿನದು ಕೇಳಲು ಒಂದು ಒತ್ತಿ ಎಂದಿತು.

"ಮುಗೀತಂತೆ!" ಎಂದು ತೆನಿನ್ ಈರುಳ್ಳಿಗೇ ಹೇಳಿದಳು. "ಶುರುವೇ ಆಗ್ಲಿಲ್ಲ, ಮುಗೀತಂತೆ!"

ಪೇಟೆಯ ರೇಡಿಯೋ ಮನೆಯವರು ಮಾಡಿದ್ದ ಏರ್ಪಾಟು ಅದು. ಬೀಜದ ಹಾಗೆ ಗುಂಡಿಗಳಿರುವ ಹಳೆಯ ಫೋನಾದರೂ ಸಾಕು. ಒಂದು ನಂಬರಿಗೆ ಕರೆ ಮಾಡಿ, ಬೀಪ್ ಎಂಬ ಕೂಗು ಕೇಳಿಸಿದ ಮೇಲೆ ಎರಡು ನಿಮಿಷ ಮಾತಾಡಿದರೆ, ಆ ಮಾತು ಇಂಟರ್‌ನೆಟ್ಟಿಗೆ ಹೋಗುತ್ತಿತ್ತು. ಊರಿನ ಗಂಡಸರು ಗೆಬೋನಿನ ಲಿಬ್ರವಿಲ್‌ನಲ್ಲಿ, ಪ್ಯಾರಿಸ್ಸಿನಲ್ಲಿ, ಎಲ್ಲೆಲ್ಲೋ ದುಡಿಯುತ್ತಿದ್ದವರು, ಶುಕ್ರವಾರದ ನಮಾಜು ಮುಗಿಸಿ ಒಂದೆಡೆ ಕೂತು, ಊರಿನ ಪುಟ ತೆರೆದು ಅದನ್ನೆಲ್ಲ ಕೇಳುತ್ತಿದ್ದರು. ಅವರಿಗೂ ಒಂದು ನಂಬರು ಇತ್ತು. ಅವರು ಮರಳಿ ಹೇಳಿದ್ದನ್ನು ಇಲ್ಲಿಯವರು ಕರೆ ಮಾಡಿ ಕೇಳುತ್ತಿದ್ದರು. ಓದು ಬರಹ ಬೇಡ. ಒಳ್ಳೆಯ ಏರ್ಪಾಟೇ. ಆದರೆ ಎರಡು ನಿಮಿಷ ಎಂದು ಗೊತ್ತುಮಾಡಿದವನು ಯಾವ ಊರಿನವನೋ, ಮಾಲಿ ದೇಶದ ಊರಿನವನಂತೂ ಅಲ್ಲ. ಇಲ್ಲಿ ಎರಡು ನಿಮಿಷದಲ್ಲಿ ಯಾರೂ ಹೆಂಡತಿ ಮಕ್ಕಳ ಕುಶಲ ದಾಟಿ ಮುಂದೆ ಹೋದದ್ದಿಲ್ಲ.

ವಿಷಯವೋ, ತೆನಿನ್ ಕೂತಿದ್ದ ನೆಲವೇ. ಹಳ್ಳದ ದಂಡೆಯ ಆ ಹೊಲ ಸೊಗೋಬಾ ಮನೆತನದ್ದು. ಪಾಳು ಬಿದ್ದಿದ್ದ ಅದರಲ್ಲಿ ತೆನಿನ್ ಮತ್ತು ಕೇರಿಯ ಹೆಂಗಸರು ಬಾವಿ ತೋಡಿ, ಮುಳ್ಳುಬೇಲಿ ಕಟ್ಟಿ, ಈರುಳ್ಳಿ, ಟೊಮೇಟೊ, ಬೆಂಡೆ ಬೆಳೆಯುತ್ತಿದ್ದರು. ಕೇರಿಯ ಅರ್ಧ ಸಾರು ಅಲ್ಲಿಂದಲೇ ಬೇಯುತ್ತಿತ್ತು. ಈಗ ಗಂಡನ ದಾಯಾದಿ ಬ್ರೇಹಿಮಾಗೆ ಅಲ್ಲಿ ಗೇರು ತೋಟ ಮಾಡುವ ಹುಚ್ಚು ಹತ್ತಿತ್ತು. ಮನೆತನದ ಹಿರಿಯ ಊರಲ್ಲಿಲ್ಲ, ಆದ್ದರಿಂದ ಹೊಲ ನನಗೆ ಬರಲಿ ಎಂದು ಊರ ಹಿರಿಯ ಎಂಗೊಲೊನ ಮುಂದೆ ಅರ್ಜಿ ಇಟ್ಟಿದ್ದ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಪಂಚಾಯಿತಿ. ಬೇಡ ಎನ್ನುವ ಅಧಿಕಾರ ಇದ್ದದ್ದು ಒಬ್ಬನಿಗೆ: ಅವಳ ಗಂಡನ ಅಣ್ಣ, ಮನೆತನದ ಯಜಮಾನ ಜೂಮಾನಾಗೆ. ಅವನು ಲಿಬ್ರವಿಲ್ಲಿನಲ್ಲಿ ಹಡಗಿನ ಮೂಟೆ ಲೆಕ್ಕ ನೋಡುತ್ತಿದ್ದ. ಅವನ ಫೋನು ಬಂದರಿನಲ್ಲಿ ಕಳುವಾಗಿತ್ತು, ಅದರೊಳಗಿದ್ದ ಊರಿನ ನಂಬರುಗಳೂ ಹೋಗಿದ್ದವು. ಹಳೆಯ ನಂಬರಿಗೆ ಮಾಡಿದರೆ ಯಾರೋ ಬೇರೆ ಭಾಷೆಯಲ್ಲಿ ಬೈಯುತ್ತಿದ್ದ.

ತೆನಿನ್ ಮನೆಗೆ ಬಂದಾಗ ಗಂಡ ಲಾಸಿನೆ ಬೇವಿನ ನೆರಳಲ್ಲಿ ಚಹಾ ಕುದಿಸುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಕಡಲೆಕಾಯಿ ಸುಲಿಯುತ್ತಿದ್ದಳು.

"ಏನ್ರೀ, ವಿಷಯ ಎಲ್ಲಿ?"

"ಹೇಳಿದ್ನಲ್ಲ."

"ಮಂಡಿ ನೋವಿನ ತನಕ ಹೇಳಿದೀರಿ. ಹೊಲ ಎಲ್ಲಿ?"

"ಆ ಹೆಂಗಸು ಮಧ್ಯದಲ್ಲೇ ಕತ್ತರಿಸಿಬಿಟ್ಲು."

"ಯಾವ ಹೆಂಗಸು?"

"ಫೋನಿನೊಳಗಿರೋಳು. ಪಾಪ, ಅವಳೇ ಮೊದಲು ನಮಸ್ಕಾರ ಅಂದ್ಲು. ನಾನೂ ಅವಳ ಮನೆ ಮಠ, ಗಂಡ ಮಕ್ಕಳು ಅಂತ ಕೇಳ್ದೆ. ಉತ್ತರಾನೇ ಇಲ್ಲ. ಸಾಕಿದೋರು ಸರಿಯಾಗಿ ಸಾಕಿಲ್ಲ."

"ಅದು ಯಂತ್ರ ಕಣ್ರೀ!"

"ನಮಸ್ಕಾರ ಅಂದ್ಲಲ್ಲ?"

"ಸರಿ, ಕತ್ತರಿಸ್ತು. ಇನ್ನೊಂದ್ಸಲ ಮಾಡಿ ಉಳಿದದ್ದು ಹೇಳಬೇಕು ತಾನೆ?"

"ಮಾಡಿದ್ನಲ್ಲ. ಆದ್ರೆ ಅಷ್ಟೊತ್ತಿಗೆ ಮಧ್ಯಾಹ್ನ ಆಗಿತ್ತು." ಲಾಸಿನೆ ಚಹಾವನ್ನು ಎತ್ತರದಿಂದ ಲೋಟಕ್ಕೆ ಸುರಿದ. "ಬೆಳಗಿನ ಕುಶಲ ಮಧ್ಯಾಹ್ನಕ್ಕೆ ನಡೆಯುತ್ತಾ? ಹೊಸದಾಗಿ ಕೇಳಬೇಕಾಯ್ತು."

ತೆನಿನ್ ಬಾಯಿ ತೆರೆದು, ಅತ್ತೆ ಅಲ್ಲೇ ಇದ್ದುದರಿಂದ ಮುಚ್ಚಿಕೊಂಡಳು. ಲಾಸಿನೆ ಒಳ್ಳೆಯ ಮನುಷ್ಯ. ಊರಿಡೀ ಹಾಗೆ ಹೇಳುತ್ತಿತ್ತು. ಇಂಥ ಒಳ್ಳೆಯತನವನ್ನು ಒಂದು ದಿನ ಹೊಲಕ್ಕೆ ಕರೆದುಕೊಂಡು ಹೋಗಿ ಗೊಬ್ಬರದ ಗುಂಡಿಯಲ್ಲಿ ಹೂತು ಬರಬೇಕು ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು.

ಸಂತೆಯ ದಿನ ಅವಳು ಕತ್ತೆಗಾಡಿಯಲ್ಲಿ ಪೇಟೆಗೆ ಹೋಗಿ, ಈರುಳ್ಳಿ ಬುಟ್ಟಿಯನ್ನು ಗೆಳತಿಯ ಬಳಿ ಬಿಟ್ಟು, ಸೀದಾ ರೇಡಿಯೋ ಮನೆಗೆ ನುಗ್ಗಿದಳು. ಬಂದ ಸಂದೇಶಗಳನ್ನು ಕೇಳಿ ನೋಡಿ ಪುಟಕ್ಕೆ ಏರಿಸುತ್ತಿದ್ದವನು ಶಿಯಾಕ ಕುಲಿಬಾಲಿ. ಕುಲಿಬಾಲಿ ಮನೆತನದವರಿಗೂ ದೆಂಬೆಲೆ ಮನೆತನದವರಿಗೂ ತಲೆತಲಾಂತರದ ಹಾಸ್ಯದ ನಂಟು. ಎದುರಾದರೆ ಒಬ್ಬರನ್ನೊಬ್ಬರು ಬೈಯದೆ ಬಿಡುವಂತಿಲ್ಲ, ಬೈದದ್ದಕ್ಕೆ ಬೇಸರ ಮಾಡಿಕೊಳ್ಳುವಂತೆಯೂ ಇಲ್ಲ. ತೆನಿನ್ ಹುಟ್ಟಿದ್ದು ದೆಂಬೆಲೆಯಾಗಿ, ಮದುವೆಯಾದರೂ ದೆಂಬೆಲೆಯೇ.

"ಏ ಅಲಸಂದೆ ತಿನ್ನೋನೆ!"

"ಅಯ್ಯೋ, ನನ್ನ ಜೀತದಾಳು ಬಂದ್ಲು!" ಎಂದು ಕುಲಿಬಾಲಿ ಕಿವಿಗೆ ಹಾಕಿದ್ದ ಹೆಡ್‌ಫೋನು ತೆಗೆದ. "ಯಾರೋ ಅಲ್ಲಿ, ಕಾಳು ಬಚ್ಚಿಡಿ, ದೆಂಬೆಲೆ ಬಂದಿದಾಳೆ."

"ಮುಚ್ಚು ಬಾಯಿ. ನನ್ನ ಗಂಡ ಎರಡು ಸಲ ಮಾತಾಡಿದಾರೆ. ಎರಡು ಸಲವೂ ಬರೀ ಕುಶಲ. ಅದನ್ನ ಯಾಕೆ ಏರಿಸಿದೆ?"

"ಚೆನ್ನಾಗಿತ್ತು. ಪ್ಯಾರಿಸ್ಸಿನೋರು ಎಷ್ಟು ಮೆಚ್ಚಿದಾರೆ ಗೊತ್ತಾ? ಹಳೇ ಕಾಲದ ಕುಶಲ ಅಂದ್ರು."

"ಕುಶಲ ಕತ್ತರಿಸಿ ವಿಷಯಕ್ಕೆ ಜಾಗ ಮಾಡೋಕೆ ಆಗಲ್ವಾ ನಿನಗೆ?"

"ವಿಷಯ ಇದ್ರೆ ತಾನೆ ಜಾಗ ಮಾಡೋದು? ಎರಡು ನಿಮಿಷ ಆದಮೇಲೆ ಯಂತ್ರ ಕಿವಿ ಮುಚ್ಕೊಳುತ್ತೆ. ಇನ್ನು ಕತ್ತರಿಸೋದು ಅಂದ್ರೆ, ಯಾರದ್ದು ಕತ್ತರಿಸಲಿ? ನಿಮ್ಮತ್ತೇದಾ? ಒಂದ್ಸಲ ಕತ್ತರಿಸಿ ನೋಡಿದೀನಿ. ಒಬ್ಬನ ಸೋದರಮಾವನ ಕುಶಲ ಬಿಟ್ಟೋಯ್ತು. ಮಾವ ಕೋಲು ತಗೊಂಡು ಇಲ್ಲಿಗೇ ಬಂದಿದ್ದ."

"ನಿಮಿಷ ಹೆಚ್ಚು ಮಾಡು ಹಾಗಾದ್ರೆ."

"ನನ್ನ ಕೈಲಿಲ್ಲ. ನಾಲ್ಕು ಮಾಡಿದ್ರೂ ನಿನ್ನ ಗಂಡ ಮೇಕೆಗಳ ಕುಶಲ ಕೇಳ್ತಾನೆ."

ಅದು ನಿಜವಾದ್ದರಿಂದ ತೆನಿನ್‌ಗೆ ಇನ್ನೂ ಸಿಟ್ಟು ಬಂತು. ಅಲಸಂದೆಯ ಬಗ್ಗೆ ಇನ್ನೆರಡು ಮಾತು ಆಡಿ ಹೊರಟಳು.

ಶುಕ್ರವಾರ ಸಂಜೆ ಲಿಬ್ರವಿಲ್ಲಿನಿಂದ ಉತ್ತರ ಬಂತು. ಅಂಗಳದಲ್ಲಿ ಮನೆಯವರೆಲ್ಲ ಫೋನಿನ ಸುತ್ತ ಕೂತರು. ಜೂಮಾನಾನ ದಪ್ಪ ದನಿ ಕೇಳಿಸುತ್ತಲೇ ಲಾಸಿನೆ ಎದ್ದು ನಿಂತು ತಲೆ ಬಾಗಿಸಿದ.

"ತಮ್ಮಾ, ನಿನ್ನ ಕುಶಲ ಬಂತು. ಎರಡೂ ಬಂತು. ಬೆಳಗಿಂದೂ ಬಂತು, ಮಧ್ಯಾಹ್ನದ್ದೂ ಬಂತು. ಅವ್ವ ಹುಷಾರಾ? ಊರ ಹಿರಿಯರು ಹುಷಾರಾ? ಮಕ್ಕಳು? ದನಕರು? ಇಲ್ಲಿ ತೊಂದರೆ ಇಲ್ಲ. ಮಂಡಿ ಪರವಾಗಿಲ್ಲ..." ಹೀಗೆ ಬೀದಿ ಬೀದಿಯ ಕುಶಲ ಕೇಳಿ, ಮಸೀದಿಯ ಮುದುಕನ ಕುಶಲ ಕೇಳಿ, ಸತ್ತವರಿಗೆ ಶಾಂತಿ ಕೋರಿ, ಕೊನೆಗೆ, "ಏನೋ ವಿಷಯ ಅಂದಹಾಗಿತ್ತು. ಹೊಸ ಫೋನು ತಗೊಂಡೆ. ನಂಬರು ಬರ್ಕೋ. ಸೊನ್ನೆ, ಏಳು..."

ಟಕ್.

"ಸೊನ್ನೆ ಏಳು," ಎಂದು ಲಾಸಿನೆ ಗಂಭೀರವಾಗಿ ಹೇಳಿದ.

"ಉಳಿದದ್ದು ಅಲ್ಲಾ ಹೇಳ್ತಾನೆ, ಬರ್ಕೊಳ್ಳಿ!" ಎಂದು ತೆನಿನ್ ಎದ್ದು ಒಲೆಯ ಕಡೆ ಹೋಗಿ, ಬೇಯುತ್ತಿದ್ದ ಸಜ್ಜೆ ಮುದ್ದೆಗೆ ಕೋಲು ಹಾಕಿ ತಿರುವಿದ ರಭಸಕ್ಕೆ ಮಡಕೆ ವಾಲಿತು. ಕುಲಿಬಾಲಿಗೆ ಕರೆ ಮಾಡಿ ಕೇಳಿದರೆ, ಹೊರದೇಶದ ಕರೆಗೆ ಯಂತ್ರ ನಂಬರು ತೋರಿಸುವುದಿಲ್ಲ ಎಂದ. ಮತ್ತೂ ಕೆಟ್ಟದ್ದೆಂದರೆ, ಬ್ರೇಹಿಮಾನೂ ಆ ಉತ್ತರ ಕೇಳಿದ್ದ. ಮಾರನೆಯ ದಿನ ಬಾವಿಯ ಬಳಿ ಸಿಕ್ಕವನು ಹಲ್ಲು ಕಡ್ಡಿ ಅಗಿಯುತ್ತ ನಿಂತ.

"ಏನಮ್ಮ ತೆನಿನ್, ಅಣ್ಣ ಎಲ್ಲರ ಕುಶಲ ಕೇಳಿದ. ದನಕರುಗಳನ್ನೂ ಕೇಳಿದ. ಹೊಲದ ಮಾತು ಎತ್ತಲಿಲ್ಲ ನೋಡು."

"ಹೊಲದ ವಿಷಯ ಅವರಿಗೆ ಗೊತ್ತೇ ಇಲ್ಲ."

"ಗೊತ್ತಿದ್ದೂ ಎತ್ತದೇ ಇರೋದಕ್ಕೆ ಒಪ್ಪಿಗೆ ಅಂತಾರೆ. ಪಂಚಾಯಿತೀಲಿ ಇದನ್ನೇ ಹೇಳ್ತೀನಿ. ಈ ಈರುಳ್ಳಿ ಕಿತ್ಕೊಳ್ಳಿ, ಪರವಾಗಿಲ್ಲ. ನಾನೇನು ಕೆಟ್ಟೋನಲ್ಲ."

ಬಿಂದಿಗೆಯ ನೀರು ಅವನ ಕಾಲ ಮೇಲೆ ಚೆಲ್ಲಿತು. ತಾನಾಗಿ ಚೆಲ್ಲಿತು ಎಂದು ತೆನಿನ್ ಆಮೇಲೆ ಹೆಂಗಸರಿಗೆ ಹೇಳಿದಳು.

ಹೆಂಗಸರು ಸೇರಿ ಯೋಚಿಸಿದರು. ಯಜಮಾನನಿಗೆ ವಿಷಯ ಮುಟ್ಟಿಸಲು ಯೋಗ್ಯನಾದವನು ವಂಶಗಾಯಕ ಫಾಮಾಕನ್ ಕುಯಾಟೆ. ದೊಡ್ಡವರ ಮಾತನ್ನು ದೊಡ್ಡವರಿಗೆ ಒಯ್ಯುವುದೇ ಅವನ ಕುಲದ ಕೆಲಸ. ಅವನು ಒಪ್ಪಿದ. ತೆನಿನ್ ಹತ್ತು ಸಲ ಹೇಳಿದಳು: "ಮಾವಾ, ಎರಡೇ ನಿಮಿಷ. ಕುಶಲ ಚುಟುಕಾಗಿರ್ಲಿ."

"ಫಾಮಾಕನ್‌ಗೆ ಮಾತು ಕಲಿಸ್ತೀಯಾ?"

"ಕಲಿಸಲ್ಲ ಮಾವಾ. ಬೇಡಿಕೊಳ್ತೀನಿ."

ಅವನು ಜರಿಯ ನಿಲುವಂಗಿ ತೊಟ್ಟು ಬಂದ. ಫೋನಿಗೆ ಅಂಗಿ ಕಾಣುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಜೊತೆಗೆ ಪ್ರತಿ ಮಾತಿಗೂ 'ನಾಮು' ಎಂದು ಹೂಂಗುಟ್ಟಲು ಸೋದರಳಿಯನನ್ನೂ ತಂದಿದ್ದ. ಲಾಸಿನೆ ಕಿವಿಯಲ್ಲಿ ಮೆಲ್ಲಗೆ ಹೇಳಬೇಕು, ಫಾಮಾಕನ್ ಅದನ್ನು ಎತ್ತಿ ಸಾರಬೇಕು, ಅಳಿಯ ನಾಮು ಅನ್ನಬೇಕು. ಒಂದು ಮಾತಿಗೆ ಮೂರು ಬಾಯಿ. ಕೂಗು ಕೇಳಿಸಿದ್ದೇ ತಡ, ಫಾಮಾಕನ್ ಗಂಟಲು ಸರಿಮಾಡಿಕೊಂಡ.

"ಸೊಗೋಬಾ! ಕಾಡುಕೋಣದಂಥ ಸೊಗೋಬಾ!"

"ನಾಮು."

"ನಿನ್ನ ಮುತ್ತಾತ ಹೊಳೆ ದಾಟಿದಾಗ ಮೊಸಳೆ ದಾರಿ ಬಿಟ್ಟಿತು!"

"ನಾಮು."

"ಆ ಮುತ್ತಾತನ ತಂದೆ..."

ತೆನಿನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನೆಲಕ್ಕೆ ಕೂತಳು. ಯಂತ್ರ ಟಕ್ ಎನ್ನುವ ಹೊತ್ತಿಗೆ ಮುತ್ತಾತ ಇನ್ನೂ ಹೊಳೆಯ ಆಚೆ ದಡವನ್ನೇ ಮುಟ್ಟಿರಲಿಲ್ಲ. ಫಾಮಾಕನ್ ಬೆವರು ಒರೆಸಿಕೊಂಡು, ಹೇಗಿತ್ತು ಎಂಬಂತೆ ಎಲ್ಲರನ್ನೂ ನೋಡಿದ. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಬೇಕಾಯಿತು. ಚೆನ್ನಾಗಿಯೇ ಇತ್ತು, ದರಿದ್ರದ್ದು.

ಗುರುವಾರ ತೆನಿನ್ ಒಬ್ಬಳೇ ತೋಟಕ್ಕೆ ಬಂದಳು. ಮಾರನೆಯ ದಿನ ಶುಕ್ರವಾರ. ಅಂದು ಅವರು ಕೇಳಬೇಕು, ಇಲ್ಲವಾದರೆ ಭಾನುವಾರ ಬೇಲಿ ಕಿತ್ತ ಹಾಗೇ. ಈರುಳ್ಳಿ ಗಡ್ಡೆ ಮಣ್ಣಿನಿಂದ ಭುಜ ಹೊರಹಾಕಿದ್ದವು. ಅವಳು ಬಾವಿಯ ಕಟ್ಟೆಗೆ ಒರಗಿ ನಂಬರು ಒತ್ತಿದಳು. ತಾನೇ ಹೇಳುವುದು, ಚಿಕ್ಕದಾಗಿ ಕುಶಲ ಕೇಳಿ ಹೇಳಿಬಿಡುವುದು ಎಂದು ದಾರಿಯುದ್ದಕ್ಕೂ ಪದ ಜೋಡಿಸಿಕೊಂಡು ಬಂದಿದ್ದಳು. ಆದರೆ ಗಂಡನ ಅಣ್ಣ ಎಂದರೆ ಮಾವನಿಗೆ ಸಮ. ಎದುರು ಕೂರುವಂತಿಲ್ಲ, ಹೆಸರು ಎತ್ತುವಂತಿಲ್ಲ. ಯಾರ ಕುಶಲ ಕೇಳಿ ಯಾರದ್ದು ಬಿಡುವುದು? ಓರಗಿತ್ತಿಯದನ್ನು ಕೇಳಿ ಮಕ್ಕಳದನ್ನು ಬಿಟ್ಟರೆ ಮಕ್ಕಳಿಗೆ ಕೆಟ್ಟದ್ದು ಬಯಸಿದ ಹಾಗೆ. ಮಕ್ಕಳದನ್ನು ಕೇಳಿ ಮಂಡಿಯದನ್ನು ಬಿಟ್ಟರೆ, ಇವಳಿಗೆ ನನ್ನ ಮಂಡಿ ಬೇಡವಾಯಿತು ಎಂದಾರು. ಕುಶಲ ಅರ್ಧಕ್ಕೆ ನಿಲ್ಲುವ ವಸ್ತುವಲ್ಲ. ಹಿಡಿದರೆ ಪೂರಾ ಹಿಡಿಯಬೇಕು, ಇಲ್ಲವಾದರೆ ಹಿಡಿಯಲೇಬಾರದು.

ಕೂಗು ಕೇಳಿಸಿತು. ತೆನಿನ್‌ಗೆ ಬ್ರೇಹಿಮಾನ ಹಲ್ಲುಕಡ್ಡಿ ನೆನಪಾಯಿತು.

"ಜೂಮಾನಾ ಸೊಗೋಬಾ! ನಾನು ತೆನಿನ್. ಬ್ರೇಹಿಮಾ ಹಳ್ಳದ ದಂಡೆ ಹೊಲ ಕಿತ್ಕೋತಿದಾನೆ. ನಾವು ಹೆಂಗಸರು ಬಾವಿ ತೋಡಿರೋ ಹೊಲ. ಭಾನುವಾರ ಪಂಚಾಯಿತಿ. ಬೇಡ ಅನ್ನಿ ಇಲ್ಲಾ ಕೊಡು ಅನ್ನಿ, ಒಂದು ಮಾತು ಬೇಗ ಹೇಳಿ."

ಅಷ್ಟೇ. ಕರೆ ಮುಗಿಸಿದಳು. ಎರಡು ನಿಮಿಷದಲ್ಲಿ ಇನ್ನೂ ಬೇಕಾದಷ್ಟು ಉಳಿದಿತ್ತು.

ಸ್ವಲ್ಪ ಹೊತ್ತಿಗೇ ಕುಲಿಬಾಲಿಯ ಕರೆ.

"ದೆಂಬೆಲೆ, ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ. ಏರಿಸು ಅದನ್ನ."

"ಹೆಸರು ಹಿಡಿದು ಕೂಗಿದೀಯಲ್ಲೇ! ಕುಶಲದ ಒಂದಕ್ಷರ ಇಲ್ಲ. ನಾಯಿ ಕರೆಯೋರೂ ಮೊದಲು ಚುಚುಚು ಅಂತಾರೆ. ಬೇಕಾದ್ರೆ ಮುಂದುಗಡೆ ನಾನೇ ಎರಡು ಕುಶಲ ಸೇರಿಸ್ಲಾ?"

"ನೀನೊಂದು ಕುಶಲ ಸೇರಿಸಿದ್ರೆ ನಿನ್ನ ಬಾಯಿಗೆ ಒಂದು ಮೂಟೆ ಅಲಸಂದೆ ತುರುಕ್ತೀನಿ."

ಅವನು ನಗಲಿಲ್ಲ. "ಏರಿಸ್ತೀನಿ," ಎಂದ. "ಅಲ್ಲಾನೇ ಕಾಪಾಡ್ಬೇಕು ನಿನ್ನ."

ಶುಕ್ರವಾರ ಮಧ್ಯಾಹ್ನ ಪುಟ ತೆರೆದ ಗಳಿಗೆಯಿಂದ ಊರಿನ ಫೋನುಗಳೆಲ್ಲ ಬಾಯಿಬಡಿದುಕೊಳ್ಳತೊಡಗಿದವು. ಪ್ಯಾರಿಸ್ಸಿನಿಂದ, ರಾಜಧಾನಿ ಬಮಾಕೋದಿಂದ, ಯಾರ್ಯಾರ ಮಕ್ಕಳೋ ಯಾರ್ಯಾರ ತಾಯಂದಿರನ್ನೋ ಎಬ್ಬಿಸಿ ಕೇಳಿದ್ದು ಒಂದೇ: ಯಾರು ಸತ್ತರು? ಹೆಂಗಸೊಬ್ಬಳು ಭಾವನನ್ನು ಹೆಸರು ಹಿಡಿದು, ಕುಶಲ ಕೇಳದೆ ಮಾತಾಡಬೇಕಾದರೆ ಮನೆಯಲ್ಲಿ ಹೆಣ ಬಿದ್ದಿರಬೇಕು, ಊರಿಗೆ ಬೆಂಕಿ ಬಿದ್ದಿರಬೇಕು. ಹೊಲದ ಮಾತು ನೆಪ, ಸತ್ತ ಸುದ್ದಿ ಹೇಳಲಾರದೆ ಹಾಗೆಂದಿದ್ದಾಳೆ ಎಂದು ಅವರು ತಮ್ಮಷ್ಟಕ್ಕೆ ಅರ್ಥ ಮಾಡಿಕೊಂಡಿದ್ದರು. ಯಾರೂ ಸತ್ತಿಲ್ಲ ಎಂದರೂ ನಂಬಲಿಲ್ಲ, ಮುಚ್ಚಿಡುತ್ತಿದ್ದೀರಿ ಎಂದರು. ಲಾಸಿನೆ ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಬ್ರೇಹಿಮಾ ಮಾತ್ರ ಬಾಗಿಲು ಬಾಗಿಲಿಗೆ ಹೋಗಿ ಹೇಳಿಕೊಂಡು ಬಂದ: ಮನೆತನದ ಯಜಮಾನನನ್ನು ಕೂಗಿ ಕರೆಯುವ ಬಾಯಿಗೆ ಹೊಲ ಕೊಡಬೇಕೇ?

ಭಾನುವಾರ ದೊಡ್ಡ ಗೋಣಿಮರದ ಕೆಳಗೆ ಗಂಡಸರು ಚಾಪೆ ಹಾಸಿ ಕೂತರು. ಹೆಂಗಸರು ಆಚೆ ಗೋಡೆಯ ನೆರಳಲ್ಲಿ. ಎಂಗೊಲೊ ಬಹಳ ಮುದುಕ. ಮಾತಾಡಿದರೆ ಪಕ್ಕದವನಿಗಷ್ಟೇ ಕೇಳುತ್ತಿತ್ತು, ಫಾಮಾಕನ್ ಅದನ್ನು ಎತ್ತಿ ಸಾರುತ್ತಿದ್ದ. ಮೊದಲು ತೆನಿನ್‌ಳ ತಪ್ಪು. ಭಾವನ ಹೆಸರು ಎತ್ತಿದ್ದಕ್ಕೆ, ಕುಶಲ ಕೇಳದ್ದಕ್ಕೆ ಅಡಿಕೆಯಂತೆ ಅಗಿಯುವ ಕೋಲಾ ಕಾಯಿ ಹತ್ತು ದಂಡ. ಅವಳು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ದಂಡ ಬಿದ್ದೇ ಬೀಳುತ್ತದೆ ಎಂದು ಮನೆಯಿಂದಲೇ ತಂದಿದ್ದಳು.

"ಹೊಲದ ಮಾತು," ಎಂದು ಬ್ರೇಹಿಮಾ ಎದ್ದ. "ಅಣ್ಣನಿಗೆ ಹೀಗೆ ಅವಮಾನ ಆದ್ಮೇಲೆ..."

"ಅವನೇ ಏನಂದ ಕೇಳೋಣ," ಎಂದ ಎಂಗೊಲೊ. "ಬೆಳಿಗ್ಗೆ ಬಂದಿದೆಯಂತೆ."

ಫೋನನ್ನು ಜೋರಿಗೆ ಇಟ್ಟು ಚಾಪೆಯ ನಡುವೆ ಇಟ್ಟರು. ಕುಶಲಕ್ಕೆ ಉತ್ತರ ಕೊಡಲು ಮುದುಕರೆಲ್ಲ ಮುಂದಕ್ಕೆ ಬಾಗಿದರು.

"ಯಾರು ಸತ್ತಿದ್ದು?" ಎಂದಿತು ಫೋನು.

ಮುಂದಕ್ಕೆ ಬಾಗಿದ್ದ ಮುದುಕರು ಹಾಗೇ ಹಿಂದಕ್ಕೆ ಸರಿದರು.

"ಅವ್ವನಾ? ಲಾಸಿನೆನಾ? ಮುಚ್ಚಿಡಬೇಡ್ರಿ. ಹೊಲ ಹೆಂಗಸರದ್ದು. ಬಾವಿ ತೋಡಿದೋರು ಅವರು. ಬ್ರೇಹಿಮಾ, ಬೇಲಿ ಮುಟ್ಟಿದ್ರೆ ನೋಡು. ಯಾರು ಸತ್ತಿದ್ದು ಹೇಳ್ರಿ."

ಆಮೇಲೆ ಮಾತಿಲ್ಲ. ಆದರೆ ಅವನು ಕರೆ ಮುಗಿಸಿರಲಿಲ್ಲ. ಉಸಿರು ಕೇಳುತ್ತಿತ್ತು. ಹಿಂದೆ ಎಲ್ಲೋ ಲಾರಿಯೊಂದು ಹಾರ್ನು ಹೊಡೆಯಿತು. ಯಂತ್ರ ಉತ್ತರ ಕೊಡುತ್ತದೆ ಎಂಬಂತೆ ಅವನು ಕಾಯುತ್ತಲೇ ಇದ್ದ. ಒಮ್ಮೆ ಮೂಗು ಒರೆಸಿಕೊಂಡ ಸದ್ದು. ಎರಡು ನಿಮಿಷ ಎಷ್ಟು ಉದ್ದ ಎಂದು ತೆನಿನ್‌ಗೆ ತಿಳಿದದ್ದು ಅವತ್ತೇ. ಟಕ್ ಎಂದಾಗ ಗೋಡೆಯ ನೆರಳಲ್ಲಿದ್ದ ಹೆಂಗಸರೆಲ್ಲ ಬೆಚ್ಚಿದರು.

"ಯಜಮಾನ ಹೇಳಿಯಾಯ್ತು," ಎಂದ ಎಂಗೊಲೊ. ಫಾಮಾಕನ್ ಅದನ್ನು ಸಾರುವುದಕ್ಕೂ ಮೊದಲೇ ಬ್ರೇಹಿಮಾ ಚಾಪೆ ಬಿಟ್ಟು ಎದ್ದು ಹೋಗಿದ್ದ.

ಹೆಂಗಸರು ತೆನಿನ್‌ಳನ್ನು ತಬ್ಬಿಕೊಂಡು ಕೂಗಿದರು. ಅವಳು ಬಿಡಿಸಿಕೊಂಡು ಮನೆಗೆ ಓಡಿದಳು. ಅಲ್ಲಿ ದೂರದಲ್ಲಿ ಆ ಮನುಷ್ಯ ಹೆಣಕ್ಕಾಗಿ ಕಾಯುತ್ತ ಕೂತಿದ್ದಾನೆ. ಯಾರೂ ಸತ್ತಿಲ್ಲ ಎಂದು ಮೊದಲು ಹೇಳಬೇಕು. ನಂಬರು ಒತ್ತಿದರೆ ಲೈನು ತುಂಬಿದೆ ಎಂದಿತು ಯಂತ್ರ. ಮತ್ತೆ ಒತ್ತಿದಳು. ತುಂಬಿದೆ. ತುಂಬದೆ ಏನು? ಊರಿಗೆ ಊರೇ ಕರೆ ಮಾಡುತ್ತಿತ್ತು. ಯಾರೂ ಸತ್ತಿಲ್ಲ ಎಂದು ಹೇಳಲು ಒಬ್ಬೊಬ್ಬರೂ ಮೊದಲು ಪೂರಾ ಕುಶಲ ಕೇಳುತ್ತಿದ್ದರು.

ಬೇವಿನ ನೆರಳಲ್ಲಿ ಲಾಸಿನೆಗೆ ಲೈನು ಸಿಕ್ಕಿತ್ತು.

"...ನಿಮಗೂ ಒಳ್ಳೇದಾಗ್ಲಿ ತಾಯಿ," ಎಂದು ಯಂತ್ರಕ್ಕೆ ಹೇಳಿ, "ಅಣ್ಣಾ, ಹೊತ್ತು ನೆಮ್ಮದಿಯಾಗಿ ಹೋಯ್ತಾ?" ಎಂದು ಆರಂಭಿಸಿದ.

"ಸತ್ತಿಲ್ಲ ಅನ್ನಿ ಮೊದಲು!" ಎಂದು ತೆನಿನ್ ಪಿಸುಗುಟ್ಟಿದಳು.

ಅವನು ಸುಮ್ಮನಿರು ಎಂದು ಕೈ ಎತ್ತಿದ. "ಎಂಗೊಲೊ ಅಜ್ಜ ನಿಮ್ಮ ಕುಶಲ ಕೇಳಿದಾರೆ. ಫಾಮಾಕನ್ ಕೇಳಿದಾನೆ. ದೊಡ್ಡ ಮಗ ಕೇಳಿದಾನೆ, ಚಿಕ್ಕವಳು ಕೇಳಿದಾಳೆ..."

ಫೋನು ಕಸಿದುಕೊಳ್ಳಲು ಚಾಚಿದ್ದ ಕೈ ತೆನಿನ್‌ಗೆ ಅಲ್ಲೇ ನಿಂತಿತು. ಕುಶಲ ಕೇಳಿದವರೆಲ್ಲ ಬದುಕಿರುವವರು. ಒಂದೊಂದು ಹೆಸರು ಬಂದ ಹಾಗೂ ಅಲ್ಲಿ ಆ ಮನುಷ್ಯನ ಎದೆ ಒಂದೊಂದು ಬೆರಳು ಹಗುರವಾಗುತ್ತದೆ. ಇಷ್ಟು ವರ್ಷ ಈ ಗಂಡಸು ಮಾಡುತ್ತಿದ್ದದ್ದು ಇದನ್ನೇ ಏನು? ಹಾಗೆಂದು ಅವಳು ಅವನಿಗೆ ಹೇಳಲು ಹೋಗಲಿಲ್ಲ. ಹೇಳಿದರೆ ಇನ್ನೂ ಉದ್ದವಾಗುತ್ತದೆ. ಪಕ್ಕದಲ್ಲಿ ಕುಕ್ಕರಿಸಿ, ಅವನು ಮರೆತ ಹೆಸರುಗಳನ್ನು ಎತ್ತಿಕೊಡತೊಡಗಿದಳು.

"ಕಮ್ಮಾರರ ಮನೆಯೋರು."

"ಕಮ್ಮಾರರ ಮನೆಯೋರು ಕೇಳಿದಾರೆ..."

"ಸಾಕು, ಅತ್ತೆ ಹೆಸರು ಹೇಳ್ರೀ!"

"ಮನೆ ದೊಡ್ಡೋರದ್ದು ಕೊನೇಲಿ ಬರ್ಬೇಕು," ಎಂದು ಅವನು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದ. "ತೆನಿನ್ ತಪ್ಪಾಯ್ತು ಅಂದಿದಾಳೆ, ಅಣ್ಣಾ. ನೆರೆಯೋರು ಕೇಳಿದಾರೆ. ಇನ್ನು ಅವ್ವ..."

ಟಕ್.

ಇಬ್ಬರೂ ಫೋನನ್ನೇ ನೋಡಿದರು. ತೆನಿನ್ ಮತ್ತೆ ನಂಬರು ಒತ್ತಿದಳು. ಲೈನು ತುಂಬಿತ್ತು. ಅತ್ತೆ ಕಡಲೆಕಾಯಿ ಸಿಪ್ಪೆ ಊದುತ್ತ ತಲೆ ಎತ್ತಿದಳು.

"ಏನಂತೆ?"

"ಏನಿಲ್ಲ ಅತ್ತೆ," ಎಂದಳು ತೆನಿನ್. "ನಿಮ್ಮ ಮಗ ನಿಮ್ಮನ್ನ ಸಾಯಿಸಿಬಿಟ್ರು."

ಮುದುಕಿ ಸ್ವಲ್ಪ ಹೊತ್ತು ಕಾಳು ಆರಿಸಿದಳು.

"ಆಗ್ಲಿ ಬಿಡು," ಎಂದಳು. "ಹಾಗಾದ್ರೂ ದೊಡ್ಡೋನು ಮನೆಗೆ ಬರ್ತಾನೆ. ಆ ಫೋನು ಸ್ವಲ್ಪ ಹೊತ್ತು ಕೆಳಗಿಡು."